ಹಳೆ ಮಾರುತಿ 800ರ ಇಂಜಿನ್ ನಾವೇ ಬಿಚ್ಚೋದಾ, ಬೇಡ್ವಾ? ಕಲಬುರಗಿಯ ಒಂದು ಪ್ರಕರಣ

ಗಾಡಿ 1998ರ ಮಾರುತಿ 800. ಕಾರ್ಬ್ಯುರೇಟರ್ ಇರುವ ಮಾಡೆಲ್, ಮೂರು ಸಿಲಿಂಡರ್, 796 ಸಿಸಿ. ನಮ್ಮ ಅಕ್ಕನ ಮನೆಯದು. ಭಾವ ಹೊಸದಾಗಿ ತಗೊಂಡಾಗ ಊರಿನ ಹೆಸರು ಇನ್ನೂ ಗುಲಬರ್ಗಾ. ಕೆಎ-32 ನಂಬರು, ಕೆಂಪು ಬಣ್ಣ, ಬಾನೆಟ್ ಮೇಲೆ ಬಿಸಿಲಿಗೆ ಬಣ್ಣ ಸತ್ತಿದೆ. ಈಗ ದಿನಾ ಓಡುವ ಗಾಡಿ ಅಲ್ಲ. ಆಳಂದ ರಸ್ತೆಯ ಹೊಲಕ್ಕೆ ಹೋಗಿ ಬರಲಿಕ್ಕೆ, ತೊಗರಿ ರಾಶಿ ಇದ್ದಾಗ ಆಳುಗಳಿಗೆ ಬುತ್ತಿ ಒಯ್ಯಲಿಕ್ಕೆ, ಹುಣ್ಣಿಮೆಗೆ ಒಮ್ಮೊಮ್ಮೆ ಗಾಣಗಾಪುರಕ್ಕೆ, ಅಷ್ಟೇ.

ತೊಂದರೆ ಏನಪ್ಪಾ ಅಂದ್ರೆ ಆಯಿಲ್ ಕುಡಿಯುತ್ತಿತ್ತು. 600 ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಲೀಟರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ಹೊಗೆ ನೀಲಿಯಾಗಿ ಹೊರಗೆ ಬರುತ್ತಿತ್ತು. ನಿಂತಲ್ಲಿ ನಡುಕ. ಪಿಕಪ್ ಇಲ್ಲ. ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ, ಆಕ್ಸಿಲೇಟರ್ ಎರಡು ಸಲ ಎಳೆದು, "ಫುಲ್ ಇಂಜಿನ್ ಕೆಲಸ ಅದ್ರಿ" ಅಂದುಬಿಟ್ಟ. 38 ಸಾವಿರ ಎಸ್ಟಿಮೇಟ್. ಮಾರಿದರೆ ಗಾಡಿಗೇ ಅಷ್ಟು ಬರುತ್ತೋ ಇಲ್ಲವೋ.

ಅಕ್ಕನ ಮಗ ಐಟಿಐ ಫಿಟ್ಟರ್. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ರೈಲಿನಲ್ಲಿ ಹೋಗಿ ಬರುತ್ತಾನೆ. ಎಸ್ಟಿಮೇಟ್ ನೋಡಿದವನೇ ನನಗೆ ಫೋನ್ ಮಾಡಿದ. ನಾನು ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ಲ್ಯಾಬ್‌ನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವನು, ಹಾಗಾಗಿ ಮನೆಯಲ್ಲಿ ಯಾರ ಗಾಡಿ ಕೆಮ್ಮಿದರೂ ನನಗೇ ಫೋನು.

"ಮಾಮಾ, ಫ್ಯಾಕ್ಟರಿಯೊಳಗ ದಿನಾ ಇಷ್ಟಿಷ್ಟು ದೊಡ್ಡ ಗೇರ್‌ಬಾಕ್ಸ್ ಬಿಚ್ತೀನ್ರಿ. ಈ ಸಣ್ಣ ಇಂಜಿನ್ ಏನ್ ದೊಡ್ಡದ್ರಿ? ನಾನೇ ಮಾಡ್ತೀನಿ."

"ಬಿಚ್ಚೋದು ದೊಡ್ಡದಲ್ಲೋ ತಮ್ಮಾ," ಅಂದೆ. "ಏನ್ ಕೆಟ್ಟದ ಅಂತ ಮೊದಲು ಯಾರರ ನೋಡ್ಯಾರೇನು?"

ಯಾರೂ ನೋಡಿರಲಿಲ್ಲ. ಈ ಪ್ರಕರಣದ ಅರ್ಧ ಕತೆ ಅದೇ.

ಮೊದಲು ದುಡ್ಡಿನ ಮಾತು

ಸ್ವಂತ ಇಂಜಿನ್ ಕೆಲಸ ಮಾಡಿದರೆ ಭಾರೀ ಉಳಿತಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವಿದೇಶದಲ್ಲಿ ಇರಬಹುದು, ಅಲ್ಲಿ ಮೆಕ್ಯಾನಿಕ್‌ನ ಒಂದು ಗಂಟೆಗೇ ಮೈ ಬೆವರುವಷ್ಟು ಕೂಲಿ. ನಮ್ಮಲ್ಲಿ ಲೆಕ್ಕ ಬೇರೆ. ಆ 38 ಸಾವಿರದ ಚೀಟಿಯನ್ನು ನಾವು ಬಿಡಿಸಿ ನೋಡಿದೆವು. ಪಿಸ್ಟನ್, ರಿಂಗ್ (ಪಿಸ್ಟನ್ ಸುತ್ತ ಕೂತು ಸಂದು ಮುಚ್ಚುವ ಬಳೆ), ಬೇರಿಂಗ್, ಗ್ಯಾಸ್ಕೆಟ್ ಕಿಟ್, ಆಯಿಲ್ ಪಂಪ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಎಲ್ಲಾ ಸೇರಿ ಸಾಮಾನು ಸುಮಾರು 19 ಸಾವಿರ. ಬೋರಿಂಗ್ (ಸವೆದ ಸಿಲಿಂಡರ್ ತೂತನ್ನು ಕೊರೆದು ಅಗಲ ಮಾಡೋದು), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಗ್ರೈಂಡಿಂಗ್, ಹೆಡ್ (ವಾಲ್ವ್‌ಗಳು ಇರೋ ಇಂಜಿನ್‌ನ ಮೇಲ್ಭಾಗ) ಕೆಲಸ ಅಂತ ಲೇತ್ ಅಂಗಡಿಗೆ ಸುಮಾರು 10. ಮೇಸ್ತ್ರಿಯ ಕೈಕೂಲಿ 9.

ಸಾಮಾನು ಯಾರು ಹಾಕಿದರೂ ಅಷ್ಟೇ ರೇಟು. ಬೋರಿಂಗ್ ಮನೆಯಲ್ಲಿ ಯಾರೂ ಮಾಡಲ್ಲ, ಮೇಸ್ತ್ರಿಯೂ ಮಾಡಲ್ಲ, ಅವನೂ ಹುಮನಾಬಾದ್ ರಸ್ತೆ ಕಡೆ ಆಟೋದಲ್ಲಿ ಬ್ಲಾಕ್ (ಸಿಲಿಂಡರ್ ಇರೋ ಇಂಜಿನ್ ಮೈ) ಹಾಕಿ ಕಳಿಸುತ್ತಾನೆ. ಹಾಗಾದರೆ ನಾವೇ ಮಾಡಿದರೆ ಉಳಿಯೋದು ಆ 9 ಸಾವಿರ ಮಾತ್ರ. ಅದರಲ್ಲಿ ಟಾರ್ಕ್ ವ್ರೆಂಚ್ (ಬೋಲ್ಟ್ ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಪಾನಾ) ತಗೋಬೇಕು, ರಿಂಗ್ ಕಂಪ್ರೆಸರ್ ಬೇಕು, ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲಾಂಪ್ ಬೇಕು, ಇಂಜಿನ್ ಎತ್ತಲಿಕ್ಕೆ ಚೈನ್ ಬ್ಲಾಕ್ ಬಾಡಿಗೆ. ಫ್ಯಾಕ್ಟರಿಯ ಟೂಲ್ ಮನೆಗೆ ತರಂಗಿಲ್ಲ, ಅದು ಅವನಿಗೇ ಗೊತ್ತು. ಕೊನೆಗೆ ಉಳಿತಾಯ ಎರಡು-ಮೂರು ಸಾವಿರ.

ಅಳಿಯನ ಮುಖ ಸ್ವಲ್ಪ ಇಳಿಯಿತು. ಆದರೆ ಈ ಲೆಕ್ಕ ಆದಮೇಲೆ ಅವನ ಬಾಯಿಂದ ನಿಜವಾದ ಕಾರಣ ಹೊರಗೆ ಬಂತು. ಅವನಿಗೆ ಕಲಿಬೇಕಿತ್ತು. ಸಣ್ಣವನಿದ್ದಾಗ ಹಿಂದಿನ ಸೀಟಲ್ಲಿ ಮಲಗಿ ಸೋಲಾಪುರಕ್ಕೆ ಹೋದ ಗಾಡಿ ಅದು, ಅದರ ಹೊಟ್ಟೆಯೊಳಗೆ ಏನಿದೆ ನೋಡಬೇಕು ಅನ್ನೋ ಆಸೆ. ಇದು ಒಳ್ಳೆ ಕಾರಣವೇ. ನನ್ನ ಪ್ರಕಾರ ದುಡ್ಡಿಗಿಂತ ಗಟ್ಟಿ ಕಾರಣ. ಆದರೆ ಆಗ ಪ್ರಶ್ನೆಯೇ ಬದಲಾಗುತ್ತೆ: ಕಲಿಯಲಿಕ್ಕೆ ಮನೆಯವರು ನೆಚ್ಚಿಕೊಂಡ ಗಾಡಿಯೇ ಬೇಕಾ?

ಇನ್ನೊಂದು ಖರ್ಚು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಗಾಡಿಗೆ 2013, 2018, 2023ರಲ್ಲಿ ಆಗಿದೆ, ಮುಂದಿನದು 2028. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು. ಅಂದರೆ ಈಗ ಇಂಜಿನ್‌ಗೆ 38 ಸಾವಿರ ಸುರಿದರೆ, 2028ರಲ್ಲಿ ಮತ್ತೆ ಕೈ ಬಿಚ್ಚಬೇಕು. ಭಾವ ಇದನ್ನು ಕೇಳಿ ಏನೂ ಅನ್ನಲಿಲ್ಲ, ಎದ್ದು ಹೋಗಿ ಬೀಗದ ಕೈ ಮೊಳೆಗೆ ತೂಗುಹಾಕಿದರು.

ಜಾಗ

ಅಕ್ಕನ ಮನೆ ಶಹಾಬಜಾರ್ ಕಡೆ, ಹಳೆ ಮನೆ. ಗಾಡಿ ನಿಲ್ಲೋದು ರಸ್ತೆ ಮೇಲೆ ಬೇವಿನ ಮರದ ಕೆಳಗೆ. ನಾವು ಮಾತಾಡ್ತಿದ್ದದ್ದು ಮಾರ್ಚ್‌ನಲ್ಲಿ. ಆಗಿನ ಗಾಳಿ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ, ಮಧ್ಯಾಹ್ನ ಬಟ್ಟೆ ಒಣಹಾಕಿದರೆ ಸಂಜೆ ಝಾಡಿಸಿ ತೆಗಿಬೇಕು. ಆ ಧೂಳಿನಲ್ಲಿ ಬೋರ್, ಅಂದ್ರೆ ಸಿಲಿಂಡರ್ ತೂತು, ತೆರೆದಿಟ್ಟು ವಾರದ ರಜೆಗೊಮ್ಮೆ ಕೆಲಸ ಮಾಡ್ತೀನಿ ಅಂದ್ರೆ ಅದು ಇಂಜಿನ್ ಕೆಲಸ ಅಲ್ಲ, ಇಂಜಿನ್‌ಗೆ ಮಣ್ಣು ಕೊಡೋ ಕೆಲಸ. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಇರೋ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ್ದು. ಅಲ್ಲಿ ಒಂದು ಮರಳಿನ ಕಣ ಸಾಕು.

ಒಳಗೆ ಪಡಸಾಲೆ ಇದೆ, ಶಹಾಬಾದ್ ಕಲ್ಲಿನ ನೆಲ. ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು: "ನನ್ನ ಪಡಸಾಲ್ಯಾಗ ಎಣ್ಣಿ ಬಿದ್ದಿತಂದ್ರ ಇಬ್ಬರಿಗೂ ಊಟ ಇಲ್ಲ ನೋಡ್ರಿ." ಅವಳು ಹೇಳಿದ್ದು ಖರೇನೇ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಎಣ್ಣೆ ಹೀರಿದರೆ ಆ ಕಲೆ ಹೋಗಲ್ಲ. ಕೊನೆಗೆ ದಪ್ಪ ತಾಡಪತ್ರಿ, ಅದರ ಮೇಲೆ ಹಳೆ ಪ್ಲೈವುಡ್ ಹಲಗೆ ಅನ್ನೋ ಒಪ್ಪಂದ ಆಯ್ತು. ಪೂರ್ತಿ ಇಂಜಿನ್ ಅಲ್ಲಿಗೆ ತರೋದಾ ಇಲ್ವಾ ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ.

ಅಳತೆ

ಇಲ್ಲಿ ಸ್ವಲ್ಪ ನಿಧಾನ ಹೋಗ್ತೀನಿ. ಯಾಕಂದ್ರೆ ಹಳೆ ಗಾಡಿ ಇಟ್ಟುಕೊಂಡವರು ಜಾಸ್ತಿ ಜನ ಈ ಹಂತವನ್ನೇ ಹಾರಿಸಿ ನೇರ ಪಾನಾ ಹಿಡಿತಾರೆ.

ಹೊಗೆಯಿಂದ ಶುರು ಮಾಡಿದೆವು. ನೀಲಿ ಹೊಗೆ ಅಂದ್ರೆ ಆಯಿಲ್ ಸುಡುತ್ತಿದೆ, ಅಷ್ಟು ಎಲ್ಲರಿಗೂ ಗೊತ್ತು. ಯಾವಾಗ ಬರುತ್ತೆ ಅನ್ನೋದನ್ನು ನೋಡಬೇಕು. ಗೇರಿನಲ್ಲಿ ಎಳೆಯುವಾಗ, ಲೋಡ್ ಬಿದ್ದಾಗ ಸತತವಾಗಿ ಬಂದರೆ ರಿಂಗ್ ಮೇಲೆ ಅನುಮಾನ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಸಲ ಬಂದು ನಿಂತರೆ, ಇಲ್ಲಾ ಇಳಿಜಾರಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಬಂದರೆ, ವಾಲ್ವ್ ಸ್ಟೆಮ್ ಸೀಲ್. ಅಂದರೆ ವಾಲ್ವಿನ ಕಡ್ಡಿಗೆ ಹಾಕೋ ಸಣ್ಣ ರಬ್ಬರ್ ಟೋಪಿ. ಅದು ಗಟ್ಟಿಯಾದರೆ ಮೇಲಿನ ಆಯಿಲ್ ರಾತ್ರಿ ಒಂದೊಂದೇ ಹನಿ ಕೆಳಗೆ ಇಳಿಯುತ್ತೆ. ನಮ್ಮ ಗಾಡಿಯದು ಬೆಳಗಿನ ಹೊಗೆ. ಮೇಸ್ತ್ರಿ ಗಾಡಿ ನೋಡಿದ್ದು ಮಧ್ಯಾಹ್ನ, ಅದೂ ನ್ಯೂಟ್ರಲ್‌ನಲ್ಲಿ.

ಆಮೇಲೆ ಕಂಪ್ರೆಷನ್, ಅಂದ್ರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರ್ ಒಳಗೆ ಹುಟ್ಟೋ ಒತ್ತಡ. ಗೇಜ್ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತೆ. ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಬ್ಯಾಟರಿ ಚೆನ್ನಾಗಿ ಚಾರ್ಜ್ ಇರೋ ಹಾಗೆ ನೋಡಿಕೊಂಡು, ಆಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡಿಬೇಕು. ಆಕ್ಸಿಲೇಟರ್ ಒತ್ತೋದನ್ನು ಮರೆತರೆ ಗಾಳಿ ಒಳಗೆ ಬರಲ್ಲ, ರೀಡಿಂಗ್ ಸುಳ್ಳು ಬರುತ್ತೆ, ಒಳ್ಳೆ ಇಂಜಿನ್‌ಗೂ ಕೆಟ್ಟ ಹೆಸರು. ಒಂದನೇದು 152 ಪಿಎಸ್‌ಐ, ಎರಡನೇದು 148, ಮೂರನೇದು 98.

ಮೂರೂ ಒಂದೇ ಸಮ ಇಳಿದಿದ್ದರೆ ಸವಕಳಿ ಅನ್ನಬಹುದಿತ್ತು. ಒಂದೇ ಒಂದು ಬಿದ್ದಿದೆ ಅಂದ್ರೆ ಅಲ್ಲೇನೋ ಬೇರೆ ಇದೆ. ಪ್ಲಗ್ ತೂತಿನಿಂದ ಒಂದೊಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದೆವು. ಆಯಿಲ್ ರಿಂಗಿನ ಸುತ್ತ ನಿಂತು ಸಂದು ಮುಚ್ಚುತ್ತೆ. ರಿಂಗ್ ಹೋಗಿದ್ದರೆ ರೀಡಿಂಗ್ ಜಿಗಿಯುತ್ತೆ, ವಾಲ್ವ್ ಸೋರುತ್ತಿದ್ದರೆ ಅಲುಗಾಡಲ್ಲ. 165, 160, 101. ಮೊದಲ ಎರಡು ಸ್ವಲ್ಪ ಏರಿದವು, ಅಂದ್ರೆ ರಿಂಗಿಗೆ ವಯಸ್ಸಾಗಿದೆ, ಆದರೆ ಸತ್ತಿಲ್ಲ. ಮೂರನೇದು ನಿಂತಲ್ಲೇ ನಿಂತಿತು.

ಹಳೆ ಕಾಲದ ಇನ್ನೊಂದು ಪರೀಕ್ಷೆ ಅಳಿಯನಿಗೆ ತೋರಿಸಿದೆ, ಅವನಿಗೆ ಅದೇ ಬಹಳ ಇಷ್ಟ ಆಯ್ತು. ಪ್ಲಗ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿ ಸೈಲೆನ್ಸರ್ ಬಾಯಿಗೆ ಒಂದು ತೆಳು ಕಾಗದ ಹಿಡಿಯೋದು. ಸರಿ ಇರೋ ಇಂಜಿನ್ ಕಾಗದವನ್ನು ಹೊರಗೇ ದಬ್ಬುತ್ತಿರುತ್ತೆ. ಎಕ್ಸಾಸ್ಟ್ ವಾಲ್ವ್ (ಸುಟ್ಟ ಹೊಗೆ ಹೊರಗೆ ಬಿಡೋ ವಾಲ್ವ್) ಸೋರುತ್ತಿದ್ದರೆ ನಡುನಡುವೆ ಫಟ್ ಅಂತ ಒಳಗೆ ಎಳೆಯುತ್ತೆ. ನಮ್ಮದು ಎಳೆಯಿತು. ಪಕ್ಕದ ಮನೆ ಹುಡುಗರೆಲ್ಲಾ ಬಂದು ನಿಂತು ನೋಡಿದರು, ಒಬ್ಬೊಬ್ಬರಿಗೂ ಕಾಗದ ಹಿಡಿಬೇಕು.

ಹೆಡ್ ಇಳಿಸೋ ಮೊದಲು ಮಾಡೋದು ಇನ್ನೂ ಒಂದಿತ್ತು. ಮೇಲಿನ ಕವರ್ ತೆಗೆದು ಇಂಜಿನ್ ತಣ್ಣಗಿದ್ದಾಗ, ತೆಳು ಬ್ಲೇಡುಗಳ ಕಟ್ಟಾದ ಫೀಲರ್ ಗೇಜ್‌ನಿಂದ ವಾಲ್ವ್ ಕ್ಲಿಯರೆನ್ಸ್, ಅಂದ್ರೆ ವಾಲ್ವಿನ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ನೋಡಿದೆವು. ಈ ಇಂಜಿನ್‌ನಲ್ಲಿ ಅದನ್ನು ಸ್ಕ್ರೂ ತಿರುಗಿಸಿ ಸೆಟ್ ಮಾಡಬೇಕು, ತಾನಾಗೇ ಸರಿ ಆಗೋ ವ್ಯವಸ್ಥೆ ಇಲ್ಲ. ಮೂರನೇ ಎಕ್ಸಾಸ್ಟ್‌ನಲ್ಲಿ ಅತಿ ತೆಳು ಬ್ಲೇಡೂ ಹೋಗಲಿಲ್ಲ. ಸಂದೇ ಇಲ್ಲ. ಭಾವನನ್ನು ಕೇಳಿದರೆ ವಾಲ್ವ್ ಸೆಟ್ಟಿಂಗ್ ಯಾವಾಗ ಮಾಡಿಸಿದ್ದು ಅನ್ನೋ ನೆನಪೇ ಇಲ್ಲ, ಮೇಲಾಗಿ ನಡುವೆ ಕೆಲವು ವರ್ಷ ಗಾಡಿಗೆ ಗ್ಯಾಸ್ ಕಿಟ್ ಇತ್ತಂತೆ. ಅಲ್ಲಿಗೆ ಚಿತ್ರ ಪೂರ್ತಿ ಆಯ್ತು. ಎಲ್‌ಪಿಜಿಯಲ್ಲಿ ಓಡುವಾಗ ವಾಲ್ವ್ ಸೀಟ್ (ಮುಚ್ಚಿದಾಗ ವಾಲ್ವ್ ಕೂರೋ ಜಾಗ) ಬೇಗ ಸವೆಯುತ್ತೆ, ಸೀಟ್ ಸವೆದಷ್ಟು ವಾಲ್ವ್ ಇನ್ನೂ ಮೇಲಕ್ಕೆ ಹೋಗಿ ಕೂರುತ್ತೆ, ಸಂದು ಕಮ್ಮಿಯಾಗುತ್ತೆ. ಸಂದು ಪೂರ್ತಿ ಹೋದಾಗ ವಾಲ್ವ್ ಸರಿಯಾಗಿ ಮುಚ್ಚಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಜಾಸ್ತಿ ಇಳಿಸೋದು ಸೀಟ್‌ಗೆ ತಾಗಿ ಕೂತಾಗಲೇ. ತಾಗದಿದ್ದರೆ ಅಂಚು ಸುಡುತ್ತೆ. ಅದಕ್ಕೆ ನಮ್ಮೂರಿನ ಮೇ ತಿಂಗಳ ಬಿಸಿಲು ಬೇರೆ.

ಕ್ಲಿಯರೆನ್ಸ್ ಸರಿ ಮಾಡಿ ಮತ್ತೆ ಕಂಪ್ರೆಷನ್ ನೋಡಿದೆವು. ಅದೃಷ್ಟ ಇದ್ದರೆ ಅಲ್ಲಿಗೇ ಮುಗಿಯುತ್ತೆ, ಒಂದು ಗ್ಯಾಸ್ಕೆಟ್ ಖರ್ಚು. 104ಕ್ಕೆ ಬಂತು, ಅಷ್ಟೇ. ಸುಟ್ಟದ್ದು ಸುಟ್ಟಾಗಿತ್ತು.

ಹೆಡ್ ಇಳಿಸಿದ್ದು

ಇಷ್ಟಾದಮೇಲೆ ಇಂಜಿನ್ ನೀನೇ ಮಾಡ್ತೀಯಾ ಅನ್ನೋ ಪ್ರಶ್ನೆ, ಹೆಡ್ ನೀನೇ ಇಳಿಸ್ತೀಯಾ ಅಂತ ಸಣ್ಣದಾಗಿತ್ತು. ಅದಕ್ಕೆ ನಾನು ಒಂದೇ ಮಾತಿಗೆ ಹೂಂ ಅಂದೆ. ಇಂಜಿನ್ ಗಾಡಿಯಲ್ಲೇ ಇರುತ್ತೆ, ಚೈನ್ ಬ್ಲಾಕ್ ಬೇಡ, ಹೆಡ್ ಒಬ್ಬನೇ ಎತ್ತಿಕೊಂಡು ಪಡಸಾಲೆಗೆ ಹೋಗಬಹುದು. ಬೋರುಗಳಿಗೆ ಒಗೆದ ಬಟ್ಟೆ ತುರುಕಿ ಮೇಲೆ ಪ್ಲಾಸ್ಟಿಕ್ ಕಟ್ಟಿದರೆ ಧೂಳಿನ ಭಯವೂ ಕಮ್ಮಿ.

ಅಳಿಯ ಕೆಲಸ ಮಾಡೋ ರೀತಿ ನೋಡಿ ನನಗೆ ಖುಷಿ ಆಯ್ತು. ಪ್ರತಿ ವೈರ್, ಪ್ರತಿ ವ್ಯಾಕ್ಯೂಮ್ ಪೈಪಿಗೆ ಟೇಪ್ ಸುತ್ತಿ ನಂಬರ್ ಬರೆದ. ಬೋಲ್ಟ್‌ಗಳನ್ನು ಮೊಟ್ಟೆ ಟ್ರೇಯಲ್ಲಿ ಸಾಲಾಗಿ ಇಟ್ಟ. ಟೈಮಿಂಗ್ ಗುರುತು ಕೂಡಿಸಿ ಫೋಟೋ ತೆಗೆದು ಆಮೇಲೆ ಬೆಲ್ಟ್ ಬಿಚ್ಚಿದ. ಇಂಜಿನ್ ರಾತ್ರಿಯಿಡೀ ತಣ್ಣಗಾದಮೇಲೆ ಹೆಡ್ ಬೋಲ್ಟ್ ಸಡಿಲ ಮಾಡಿದ್ದು, ಅದೂ ಎರಡೂ ಕೊನೆಯಿಂದ ನಡುವಿಗೆ ಬರೋ ಹಾಗೆ, ಸ್ವಲ್ಪ ಸ್ವಲ್ಪ. ಅಲ್ಯೂಮಿನಿಯಂ ಹೆಡ್ ಬಿಸಿ ಇದ್ದಾಗ ಬಿಚ್ಚಿದರೆ ಬಾಗುತ್ತೆ.

ಹೆಡ್ ಹೊರಗೆ ಬಂದಮೇಲೆ ಮಾಡಿದ ಮೊದಲ ಕೆಲಸ: ತಲೆಕೆಳಗು ಮಾಡಿ ಸಮ ಇಟ್ಟು ಮೂರೂ ಗುಂಡಿಗಳಿಗೆ ಸೀಮೆಎಣ್ಣೆ ತುಂಬಿದ್ದು. ಕೆಳಗೆ ಹಳೆ ಪತ್ರಿಕೆ ಹಾಸಿದ್ದೆವು. ಒಂದು ಮತ್ತು ಎರಡು ನಿಂತವು. ಮೂರನೇದರ ಎಕ್ಸಾಸ್ಟ್ ಬಾಯಿಂದ ಎಣ್ಣೆ ಇಳಿದು ಪತ್ರಿಕೆಯ ಮೇಲೆ ಹರಡಿತು. ವಾಲ್ವ್ ಬಿಚ್ಚಿದರೆ ಅಂಚಿನಲ್ಲಿ ಉಗುರಿನಷ್ಟು ಜಾಗ ಸುಟ್ಟು ಹೋಗಿದೆ. ಸ್ಟೆಮ್ ಸೀಲ್‌ಗಳನ್ನು ಬೆರಳಲ್ಲಿ ಒತ್ತಿದರೆ ಪುಡಿ ಪುಡಿ. ನೀರಿನ ದಾರಿಗಳ ಒಳಗೆ ಬಿಳಿ ಸುಣ್ಣದ ಪದರ, ಇಷ್ಟು ವರ್ಷ ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿದ್ದರ ಫಲ.

ರಿಂಗೂ ಹಾಕಿಬಿಡೋಣ ಅನ್ನೋ ಆಸೆ

ನಿಜವಾದ ಜಗಳ ಶುರು ಆಗಿದ್ದು ಇಲ್ಲಿಂದ. ಹೆಡ್ ತೆಗೆದಾಗಿದೆ, ಪಿಸ್ಟನ್ ಕಣ್ಣಿಗೆ ಕಾಣ್ತಿದೆ, ಅಳಿಯನ ಕೈ ತುರಿಸುತ್ತಿದೆ. "ಮಾಮಾ, ಸಂಪ್ ಇಳಿಸಿ ಪಿಸ್ಟನ್ ಮ್ಯಾಲ ಎತ್ತಿ ರಿಂಗ್ ಹಾಕಿಬಿಡೋಣ್ರಿ, ಹೆಂಗೂ ಬಿಚ್ಚೀವಿ." ಸಂಪ್ ಅಂದ್ರೆ ಇಂಜಿನ್ ಕೆಳಗಿನ ಆಯಿಲ್ ತಟ್ಟೆ. ಅಷ್ಟರಲ್ಲಿ ಆ ಮೇಸ್ತ್ರಿಯೂ ಸ್ಕೂಟರ್ ನಿಲ್ಲಿಸಿ ಬಂದ, ನೋಡಿದ, ಅವನದೂ ಅದೇ ಮಾತು. "ಮ್ಯಾಲ ಟೈಟ್ ಮಾಡಿದ್ರ ತೆಳಗ ಹೋಗ್ತದ್ರಿ ಸರ. ಅರ್ಧ ಕೆಲಸ ಮಾಡಬ್ಯಾಡ್ರಿ."

ಮೇಸ್ತ್ರಿ ಮೋಸಗಾರ ಅಂತ ನಾನು ಹೇಳಲ್ಲ. ಅವನ ಕಡೆಯಿಂದ ಯೋಚನೆ ಮಾಡಿ. ಹೆಡ್ ಮಾತ್ರ ಮಾಡಿ ಕೊಟ್ಟು, ಆರು ತಿಂಗಳಿಗೆ ಕೆಳಗೆ ಏನಾದರೂ ಆದರೆ ಗಿರಾಕಿ ಬಂದು ಅವನ ಕೊರಳಪಟ್ಟಿ ಹಿಡಿತಾನೆ. ಫುಲ್ ಕೆಲಸ ಮಾಡಿದರೆ ಅವನೂ ಕ್ಷೇಮ. ಅಳತೆ ಮಾಡಿ ಹೇಳು ಅಂತ ನಾವು ಯಾರೂ ಅವನಿಗೆ ದುಡ್ಡು ಕೊಡಲ್ಲ, ಕೆಲಸಕ್ಕೆ ಮಾತ್ರ ಕೊಡ್ತೀವಿ.

ಬೋರಿಂಗ್ ಅಂಗಡಿಯವರು ತಮ್ಮ ಬೋರ್ ಗೇಜ್ ತಂದು ಮೂರೂ ಬೋರ್ ನೋಡಿಕೊಟ್ಟರು. ಮೇಲೆ ರಿಂಗ್ ಓಡಾಡುವ ಜಾಗಕ್ಕೂ ಕೆಳಗಿನ ಸವೆಯದ ಜಾಗಕ್ಕೂ ವ್ಯತ್ಯಾಸ ಅತಿ ಹೆಚ್ಚು ಅಂದ್ರೆ 0.07 ಎಂ.ಎಂ. ಈ ಇಂಜಿನ್‌ಗಳಿಗೆ 0.10 ದಾಟಿದರೆ ಬೋರ್ ಮಾಡಿ ಅನ್ನೋದು ಲೆಕ್ಕ. ಅಂದರೆ ಮುದಿ ಆಗಿದೆ, ಗಡಿ ದಾಟಿಲ್ಲ.

ಈಗ ಬರೀ ರಿಂಗ್ ಹಾಕೋ ವಿಷಯ. ನಮ್ಮಲ್ಲಿ ಮಾಡೋರು ಬಹಳ ಜನ ಇದ್ದಾರೆ. ಆದರೆ ಹಳೆ ಬೋರ್ ಕನ್ನಡಿಯ ಹಾಗೆ ನುಣ್ಣಗಾಗಿರುತ್ತೆ, ಅದರ ಮೇಲೆ ಹೊಸ ರಿಂಗ್ ಹೊಂದಿಕೊಳ್ಳಲ್ಲ. ಹೋನಿಂಗ್ ಮಾಡಿ, ಅಂದ್ರೆ ಕಲ್ಲಿನಿಂದ ಉಜ್ಜಿ, ಸಣ್ಣ ಅಡ್ಡಗೆರೆ ಬರಿಸಬೇಕು. ಹೋನಿಂಗ್ ಮಾಡಿದರೆ ಅದರ ಕಲ್ಲಿನ ಪುಡಿ ಕೆಳಗೆ ಕ್ರ್ಯಾಂಕ್ ಮೇಲೆ ಬೀಳುತ್ತೆ. ಅದನ್ನು ತೆಗಿಬೇಕಾದ್ರೆ ಬ್ಲಾಕ್ ಪೂರ್ತಿ ಬಿಚ್ಚಿ ಬಿಸಿ ಸೋಪಿನ ನೀರಲ್ಲಿ ಬ್ರಷ್ ಹಾಕಿ ತೊಳಿಬೇಕು, ಬರೀ ಸೀಮೆಎಣ್ಣೆಗೆ ಆ ಪುಡಿ ಬಿಡಲ್ಲ. ಮೇಲಾಗಿ ಬೋರಿನ ಮೇಲಂಚಲ್ಲಿ ಸವೆಯದೆ ಉಳಿದ ಮೆಟ್ಟಿಲು ಇರುತ್ತೆ, ಹೊಸ ರಿಂಗ್ ಅದಕ್ಕೆ ಬಡಿದು ಮುರಿಯೋದೂ ಉಂಟು. ಹಾಗಾಗಿ ಕೆಳಗೆ ಕೈ ಹಾಕಿದರೆ ಪೂರ್ತಿ ಹಾಕಬೇಕು, ಇಲ್ಲದಿದ್ದರೆ ಮುಟ್ಟಲೇಬಾರದು. ನಡುವಿನ ದಾರಿ ಇಲ್ಲಿ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಮೇಲೆ ಟೈಟ್ ಮಾಡಿದರೆ ಕೆಳಗೆ ಹೋಗುತ್ತೆ ಅನ್ನೋ ಮಾತು. ಅದು ಪೂರ್ತಿ ಸುಳ್ಳಲ್ಲ. ವಾಲ್ವ್ ಸರಿಯಾದಮೇಲೆ ಆ ಸಿಲಿಂಡರ್‌ನಲ್ಲಿ ಒತ್ತಡ ಏರುತ್ತೆ, ಮೊದಲೇ ಸತ್ತ ರಿಂಗ್ ಇದ್ದರೆ ಆಗ ಅದರ ಬಣ್ಣ ಬಯಲಾಗುತ್ತೆ. ನಮ್ಮ ಗಾಡಿಯಲ್ಲಿ ಉಳಿದ ಎರಡು ಸಿಲಿಂಡರ್ ಅದೇ ಒತ್ತಡವನ್ನು ಇಷ್ಟು ದಿನ ತಡಕೊಂಡೇ ಇದ್ದವು. ಮೂರನೇದಕ್ಕೆ ಮಾತ್ರ ಯಾಕೆ ಆಗಲ್ಲ? ಮೇಸ್ತ್ರಿ ಇದಕ್ಕೆ ನಕ್ಕು, "ನೋಡೋಣ್ರಿ" ಅಂದು ಚಹಾ ಕುಡಿದು ಹೋದ.

ಭಾವನೇ ಕೊನೆಗೆ ತೀರ್ಪು ಕೊಟ್ಟರು. ಕೆಳಗೆ ಮುಟ್ಟೋದು ಬೇಡ.

ಮಾಡಿದ್ದು, ಆಗಿದ್ದು

ಹೆಡ್ಡಿನ ಮೇಲ್ಮೈ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ತೂರಿಸಿದರೆ 0.08 ಎಂ.ಎಂ. ಬಾಗಿತ್ತು. 0.05ರ ಒಳಗೆ ಇರಬೇಕು. ಹಾಗಾಗಿ ಫೇಸಿಂಗ್ (ಮೇಲ್ಮೈ ಸಮ ಮಾಡೋದು), ಸೀಟ್ ಕಟಿಂಗ್, ಗೈಡ್ (ವಾಲ್ವಿನ ಕಡ್ಡಿ ಓಡಾಡುವ ಕೊಳವೆ) ಪರೀಕ್ಷೆ ಇವೆಲ್ಲ ಲೇತ್ ಅಂಗಡಿಗೆ. ಮೂರೂ ಎಕ್ಸಾಸ್ಟ್ ವಾಲ್ವ್ ಹೊಸದು ಹಾಕಿದೆವು. ಮಾರುತಿ 800 ಕಂಪನಿಯಿಂದ ಬರೋದು ನಿಂತಿದ್ದು 2014ರಲ್ಲಿ, ಇದೇ ಇಂಜಿನ್ ಓಮ್ನಿಯಲ್ಲಿ 2019ರವರೆಗೂ ಬಂತು, ಹಾಗಾಗಿ ಸಾಮಾನಿಗೆ ತೊಂದರೆ ಇಲ್ಲ. ಒಂದು ಎಚ್ಚರ: ಅಂಗಡಿಯಲ್ಲಿ ಆಲ್ಟೊದ ಸಾಮಾನು ತೋರಿಸಿ ಇದೂ 796 ಸಿಸಿ ಅಂತಾರೆ. ಆಲ್ಟೊದ್ದು 12 ವಾಲ್ವಿನ ಹೆಡ್, ನಮ್ಮದು 6. ಕೂಡಲ್ಲ.

ಪೇಸ್ಟ್ ಹಚ್ಚಿ ವಾಲ್ವ್ ಉಜ್ಜುವ ಕೆಲಸ ಅಳಿಯನದು. ಶಿಫ್ಟ್ ಮುಗಿಸಿ ಬಂದು ರಾತ್ರಿ ಪಡಸಾಲೆಯಲ್ಲಿ ಕೂತು, ರಬ್ಬರ್ ಕಪ್ಪಿನ ಕೋಲನ್ನು ಎರಡೂ ಅಂಗೈ ನಡುವೆ ಹಿಂದೆ ಮುಂದೆ ತಿರುಗಿಸುತ್ತಾ, ನಡುನಡುವೆ ಎತ್ತಿ ಜಾಗ ಬದಲಿಸುತ್ತಾ. ವಾಲ್ವ್ ಸುತ್ತ ಬೂದು ಬಣ್ಣದ ಗೆರೆ ಎಲ್ಲೂ ತುಂಡಾಗದೆ ಒಂದೇ ಅಗಲ ಬರೋ ತನಕ ಬಿಡಲಿಲ್ಲ. ಮತ್ತೆ ಸೀಮೆಎಣ್ಣೆ ತುಂಬಿದೆವು. ಪತ್ರಿಕೆ ಒಣಗೇ ಇತ್ತು.

ಕೂಡಿಸುವಾಗ ನಾನು ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದು ಎರಡು ಜಾಗದಲ್ಲಿ ಮಾತ್ರ. ಒಂದು, ಹೆಡ್ ಬೋಲ್ಟಿನ ತೂತುಗಳಲ್ಲಿ ನೀರು, ಆಯಿಲ್ ಉಳಿಯದ ಹಾಗೆ ಒರೆಸೋದು. ಅಲ್ಲಿ ದ್ರವ ಸಿಕ್ಕಿಹಾಕಿಕೊಂಡರೆ ಬೋಲ್ಟ್ ಬಿಗಿಯುವಾಗ ಬ್ಲಾಕೇ ಸೀಳಬಹುದು, ಟಾರ್ಕ್ ಲೆಕ್ಕವೂ ಸುಳ್ಳಾಗುತ್ತೆ. ಇನ್ನೊಂದು, ಹೊಸ ಟೈಮಿಂಗ್ ಬೆಲ್ಟ್ ಹಾಕಿದಮೇಲೆ ಸೆಲ್ಫ್ ಹೊಡೆಯೋ ಮೊದಲು ಪಾನಾದಿಂದ ಕೈಯಲ್ಲೇ ಇಂಜಿನ್ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತಾ ನೋಡೋದು. ಅವಸರದವರು ಬಿಡೋದು ಇವೆರಡನ್ನೇ.

ಸ್ಟಾರ್ಟ್ ಆಯ್ತು. ಸೈಲೆನ್ಸರ್‌ನಲ್ಲಿದ್ದ ಹಳೆ ಆಯಿಲ್ ಸುಟ್ಟು ಮೊದಲು ಬೀದಿ ತುಂಬಾ ಹೊಗೆ, ಅಕ್ಕ ಕಿಟಕಿ ಮುಚ್ಚಿದಳು. ಆಮೇಲೆ ತಿಳಿಯಾಯ್ತು. ನಡುಕ ಇಲ್ಲ. ಮೂರನೇ ಸಿಲಿಂಡರ್ 150. ಖರ್ಚು ಗೇಜು, ಟಾರ್ಕ್ ವ್ರೆಂಚ್, ಕೂಲೆಂಟ್, ಲೇತ್ ಅಂಗಡಿ ಎಲ್ಲಾ ಸೇರಿ 12 ಸಾವಿರದ ಒಳಗೆ. ಆಯಿಲ್ ಕುಡಿಯೋದು ಪೂರ್ತಿ ನಿಂತಿಲ್ಲ, ನಿಲ್ಲೋದೂ ಇಲ್ಲ, ಕೆಳಗಿನದು ಹಳೆಯದೇ ಅಲ್ವಾ? ಈಗ ಸುಮಾರು 1500 ಕಿಲೋಮೀಟರಿಗೆ ಒಂದು ಲೀಟರ್. ಅಳಿಯ ಗ್ಲೋವ್ ಬಾಕ್ಸ್‌ನಲ್ಲಿ ಒಂದು ಸಣ್ಣ ಡೈರಿ ಇಟ್ಟು ಪ್ರತಿ ಸಲ ಹಾಕಿದ್ದನ್ನು ಬರಿತಾನೆ.

ಪೂರ್ತಿ ಇಂಜಿನ್ ಕೂಡಿಸೋ ಆಸೆ ಅವನಿಗೆ ಹೋಗಿಲ್ಲ. ಅದಕ್ಕೆ ಗುಜರಿಯಿಂದ ಓಮ್ನಿಯ ಒಂದು ಸತ್ತ ಇಂಜಿನ್ ತೂಕದ ಲೆಕ್ಕದಲ್ಲಿ ತಂದ. ಅದು ಪ್ಲೈವುಡ್ ಮೇಲೆ ಕೂತಿದೆ. ಮನೆಯವರ ಗಾಡಿ ಓಡ್ತಿರುವಾಗಲೇ ಇದನ್ನು ಅವಸರ ಇಲ್ಲದೆ ಬಿಚ್ಚಿ, ಬೇರಿಂಗ್ ಕ್ಯಾಪ್ ಯಾವುದು ಎಲ್ಲಿಗೆ, ರಿಂಗಿನ ಬಾಯಿ ಎಷ್ಟು ಬಿಡಬೇಕು, ಪಿಸ್ಟನ್ ಮೇಲಿನ ಬಾಣ ಯಾವ ಕಡೆ ಅನ್ನೋದೆಲ್ಲ ಕಲಿತಿದ್ದಾನೆ. ತಪ್ಪಿದರೆ ಹೋಗೋದು ಗುಜರಿಯ ದುಡ್ಡು. ಈ ಬ್ಲಾಕನ್ನೇ ಗಾಡಿಗೆ ಹಾಕಿಬಿಡೋಣ ಅಂದಿದ್ದ, ನಾನು ಬೇಡ ಅಂದೆ. ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತೆ, ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು, ಗುಜರಿ ಇಂಜಿನ್‌ಗೆ ಸರಿಯಾದ ಕಾಗದ ತೋರಿಸಬೇಕು. ಸ್ವಂತ ಬ್ಲಾಕನ್ನೇ ಬೋರ್ ಮಾಡಿಸಿದರೆ ಆ ತಲೆನೋವು ಇಲ್ಲ.

ಅದೂ ಅಲ್ಲದೆ ಪಿಸ್ಟನ್ ತಲೆ ಕೆರೆದು ಮಸಿ ತೆಗೆದರೆ 0.50 ಅಂತ ಅಚ್ಚು ಕಾಣಿಸಿತು, ಅಂದ್ರೆ ಅರ್ಧ ಎಂ.ಎಂ. ದೊಡ್ಡ ಸೈಜಿನ ಪಿಸ್ಟನ್. ಮೊದಲೇ ಬೋರ್ ಆದ ಬ್ಲಾಕ್, ಇನ್ನು ಸ್ಲೀವ್ (ತೂತಿನೊಳಗೆ ಕೂರಿಸೋ ಹೊಸ ಕೊಳವೆ) ಹಾಕಿಸಬೇಕು.

ಕೆಂಪು ಗಾಡಿಗೆ ನಾವು ಹಾಕಿಕೊಂಡಿರೋ ಗಡಿ ಇಷ್ಟು: ಡೈರಿಯಲ್ಲಿ ಆಯಿಲ್ ಲೆಕ್ಕ 700 ಕಿಲೋಮೀಟರಿಗೆ ಲೀಟರ್ ಆದರೆ, ಇಲ್ಲಾ ಇಂಜಿನ್ ಬಿಸಿ ಇದ್ದಾಗ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕಲು ಶುರು ಆದರೆ, ಇಂಜಿನ್ ಇಳಿಸೋದು. ಆಗಲೂ ಬೋರ್, ಕ್ರ್ಯಾಂಕ್ ಅಂಗಡಿಗೆ, ಕೂಡಿಸೋದು ಅಳಿಯ. 2028ರವರೆಗೆ ಎರಡೂ ಆಗದಿದ್ದರೆ ನವೀಕರಣದ ಹತ್ತು ಸಾವಿರ ಕಟ್ಟೋ ಮೊದಲು ಮತ್ತೊಂದು ಸಲ ಕಂಪ್ರೆಷನ್ ನೋಡ್ತೀವಿ.